ಎರಡು ಪರದೆ: ಒಂದು ಮಕ್ಕಳಿಗೆ, ಒಂದು ಶಿಕ್ಷಕರಿಗೆ

ಕಪ್ಪುಹಲಗೆಯ ಮುಂದೆ ನಿಂತು ಪಾಠ ಮಾಡುವ ಶಿಕ್ಷಕರಿಗೆ ಮೊದಲಿನಿಂದಲೂ ಎರಡು ಪುಟಗಳಿವೆ. ಒಂದು ಹಲಗೆ, ಅದು ಮಕ್ಕಳದು. ಇನ್ನೊಂದು ಮೇಜಿನ ಮೇಲೆ ತೆರೆದಿಟ್ಟ ಪಾಠಯೋಜನೆ, ಅದು ಶಿಕ್ಷಕರದು. ಕೇಳಬೇಕಾದ ಪ್ರಶ್ನೆ, ನಿರೀಕ್ಷಿತ ಉತ್ತರ, ಮುಂದಿನ ಚಟುವಟಿಕೆ ಎಲ್ಲವೂ ಎರಡನೆಯದರಲ್ಲಿರುತ್ತವೆ. ಪಾಠಯೋಜನೆಯನ್ನೇ ಹಲಗೆಯ ಮೇಲೆ ಬರೆದಿಟ್ಟು ಪಾಠ ಆರಂಭಿಸಿದರೆ ಯಾವ ಮಾರ್ಗದರ್ಶಕರೂ ಒಪ್ಪುವುದಿಲ್ಲ. ಆದರೆ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿದ ಕೂಡಲೇ ಬೋಧನಾಭ್ಯಾಸದ ಎಷ್ಟೋ ಪಾಠಗಳಲ್ಲಿ ನಡೆಯುವುದು ಅದೇ. ಅವಲೋಕನ ಪತ್ರದಲ್ಲಿ ಅದು ದೋಷವೆಂದು ದಾಖಲಾಗುವುದೂ ಇಲ್ಲ.

ಕಾರಣ ಸರಳ. ಲ್ಯಾಪ್‌ಟಾಪಿನ ಪರದೆಯಲ್ಲಿ ಇರುವುದೇ ಗೋಡೆಯ ಮೇಲೂ ಕಾಣುವಂತೆ, ಅಂದರೆ ‘ಡುಪ್ಲಿಕೇಟ್’ ಕ್ರಮದಲ್ಲಿ, ಜೋಡಿಸಿ ಬಿಡುತ್ತೇವೆ. ಶಿಕ್ಷಕರಿಗೆ ತಮ್ಮದೇ ಆದ ಪುಟ ಉಳಿಯುವುದಿಲ್ಲ. ಹೇಳಬೇಕಾದದ್ದನ್ನೆಲ್ಲ ಸ್ಲೈಡಿನಲ್ಲೇ ತುಂಬಬೇಕಾಗುತ್ತದೆ. ತರಗತಿಗೆ ಬೆನ್ನು ಮಾಡಿ ಗೋಡೆ ನೋಡಿ ಓದಬೇಕಾಗುತ್ತದೆ. ಪ್ರಶ್ನೆ ಕೇಳುವ ಮೊದಲೇ ಮಕ್ಕಳು ಉತ್ತರ ಓದಿ ಮುಗಿಸಿರುತ್ತಾರೆ.

ನಮ್ಮ ಜಿಲ್ಲೆಯ ಪಾಠವನ್ನೇ ತೆಗೆದುಕೊಳ್ಳಿ. ಬಾದಾಮಿಯ ಒಂದನೇ ಗುಹೆಯ ನಟರಾಜನಿಗೆ 18 ಕೈಗಳು. ಚಿತ್ರದ ಪಕ್ಕದಲ್ಲೇ ‘18 ಕೈಗಳ ನಟರಾಜ’ ಎಂದು ದಪ್ಪ ಅಕ್ಷರದಲ್ಲಿ ಬರೆದರೆ ಯಾವ ಮಗುವೂ ಎಣಿಸುವುದಿಲ್ಲ. ಗೋಡೆಯ ಮೇಲೆ ಚಿತ್ರವೊಂದೇ ಇದ್ದು, ‘ಎಷ್ಟು ಕೈ? ಎಣಿಸಿ ಹೇಳಿ’ ಎಂಬ ಪ್ರಶ್ನೆಯೂ 18 ಎಂಬ ಉತ್ತರವೂ ಶಿಕ್ಷಕರ ಪರದೆಯಲ್ಲಿದ್ದರೆ ತರಗತಿ ಎಣಿಸಲು ಆರಂಭಿಸುತ್ತದೆ. ಒಬ್ಬರು 16 ಎನ್ನುತ್ತಾರೆ, ಇನ್ನೊಬ್ಬರು ಎದ್ದು ಬಂದು ಬೆರಳಿಟ್ಟು ತೋರಿಸುತ್ತಾರೆ. ಪಾಠ ಎಂದರೆ ಅದು.

ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಶಾಸನವೂ ಹಾಗೆಯೇ. ಶಾಸನದ ಫೋಟೋ ಮಾತ್ರ ಮಕ್ಕಳಿಗೆ ಕಾಣಲಿ; ‘ಕವಿ ಇದನ್ನು ಕಲ್ಲಿನ ಮೇಲೆ ಏಕೆ ಬರೆಸಿದ?’ ಎಂದು ಕೇಳೋಣ. ಕ್ರಿ.ಶ. 634, ರವಿಕೀರ್ತಿ, ಇಮ್ಮಡಿ ಪುಲಕೇಶಿ ಎಂಬ ವಿವರಗಳು ಶಿಕ್ಷಕರ ಪರದೆಯಲ್ಲಿ ಕಾದಿರಲಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಜಾಗಕ್ಕೆ ಬಾಣದ ಗುರುತು ಹಾಕಿಟ್ಟರೆ ಮಕ್ಕಳು ಹುಡುಕುವುದೇನು? ಮನೆಯಲ್ಲಿ ಮಗ್ಗ ಇರುವ ಮಗು ನಮಗಿಂತ ಮೊದಲು ಅದನ್ನು ತೋರಿಸೀತು. ಆ ಅವಕಾಶವನ್ನು ಬಾಣ ಕಸಿಯಬಾರದು.

ಇದಕ್ಕೆ ಬೇಕಾದ ಕ್ರಮದ ಹೆಸರು ‘ಎಕ್ಸ್‌ಟೆಂಡ್’. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಮನೆಯ ಕಂಪ್ಯೂಟರಿಗೆ ಇನ್ನೊಂದು ಮಾನಿಟರ್ ಅಥವಾ ಟಿ.ವಿ.ಯನ್ನು ಎಚ್‌ಡಿಎಂಐ ಕೇಬಲಿನಿಂದ ಜೋಡಿಸಿ. ಹಳೆಯ ಮಾನಿಟರಿನಲ್ಲಿ 15 ತೂತುಗಳ ವಿಜಿಎ ಕಿಂಡಿ ಮಾತ್ರ ಇದ್ದರೆ ನಡುವೆ ಅಡಾಪ್ಟರ್ ಬೇಕು. ವಿಜಿಎ ಕೇಬಲಿನಲ್ಲಿ ಧ್ವನಿ ಹೋಗುವುದಿಲ್ಲವಾದ್ದರಿಂದ ಹಾಡು ಅಥವಾ ವಿಡಿಯೋ ಇದ್ದರೆ ಸ್ಪೀಕರ್ ಬೇರೆ ಇರಬೇಕು. ವಿಂಡೋಸ್ ಕೀ ಒತ್ತಿ ಹಿಡಿದು ‘ಪಿ’ ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ; ‘ಎಕ್ಸ್‌ಟೆಂಡ್’ ಆರಿಸಿ. ನಂತರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1, 2 ಎಂದು ಕಾಣುವ ಚೌಕಗಳನ್ನು, ಪರದೆಗಳು ಮೇಜಿನ ಮೇಲೆ ಇರುವಂತೆಯೇ ಎಳೆದು ಹೊಂದಿಸಿ. ಎರಡನೇ ಪರದೆ ಎಡಕ್ಕಿದ್ದು ಚೌಕ ಬಲಕ್ಕಿದ್ದರೆ ಮೌಸಿನ ಬಾಣ ತಪ್ಪು ಅಂಚಿನಿಂದ ದಾಟುತ್ತದೆ. ತರಗತಿಯಲ್ಲಿ ಕೈ ತಡವರಿಸುವುದು ಇಲ್ಲಿಯೇ.

ಈಗ ಪವರ್‌ಪಾಯಿಂಟ್ ತೆರೆದು ಪ್ರತಿ ಸ್ಲೈಡಿನ ಕೆಳಗಿನ ನೋಟ್ಸ್ ಜಾಗದಲ್ಲಿ ಪ್ರಶ್ನೆ, ಉತ್ತರಗಳನ್ನು ಬರೆದು ಎಫ್5 ಒತ್ತಿ. ‘ಪ್ರೆಸೆಂಟರ್ ವ್ಯೂ’ ಆಯ್ಕೆಯಾಗಿದ್ದರೆ ನಿಮ್ಮ ಪರದೆಯಲ್ಲಿ ಟಿಪ್ಪಣಿ, ಮುಂದಿನ ಸ್ಲೈಡು, ಕಳೆದ ಸಮಯ ಮೂರೂ ಕಾಣುತ್ತವೆ. ಎದುರಿನ ಪರದೆಯಲ್ಲಿ ಚಿತ್ರ ಮಾತ್ರ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲೂ ಈ ಸೌಲಭ್ಯವಿದೆ. ಮಕ್ಕಳು ಪರಸ್ಪರ ಮಾತಾಡಬೇಕಾದಾಗ ‘ಬಿ’ ಒತ್ತಿದರೆ ಅವರ ಪರದೆ ಕಪ್ಪಾಗುತ್ತದೆ, ಕಣ್ಣುಗಳು ತರಗತಿಗೆ ಮರಳುತ್ತವೆ.

ಎರಡನೇ ಪರದೆ ಇಲ್ಲದ ಪ್ರಶಿಕ್ಷಣಾರ್ಥಿಗಳ ಗತಿಯೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೋಧನಾಭ್ಯಾಸಕ್ಕಾಗಿ ಯಾರೂ ಮಾನಿಟರ್ ಕೊಳ್ಳುವಂತಾಗಬಾರದು. ಪವರ್‌ಪಾಯಿಂಟಿನಲ್ಲಿ ಆಲ್ಟ್ ಮತ್ತು ಎಫ್5 ಒಟ್ಟಿಗೆ ಒತ್ತಿದರೆ ಒಂದೇ ಪರದೆಯಲ್ಲೂ ಪ್ರೆಸೆಂಟರ್ ವ್ಯೂ ಅಭ್ಯಾಸ ಮಾಡಬಹುದು. ಕಾಲೇಜಿನ ಪ್ರಯೋಗಾಲಯದಲ್ಲಿ ಬಳಕೆ ತಪ್ಪಿದ ಮಾನಿಟರುಗಳಿದ್ದರೆ ಅವುಗಳಲ್ಲಿ ಎರಡನ್ನು ಇದಕ್ಕೆಂದೇ ಒಂದು ಮೇಜಿನ ಮೇಲಿಟ್ಟರೆ ಸಾಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಗೋಡೆ ನೋಡಿ ಓದುವವರು ಇನ್ನು ಲ್ಯಾಪ್‌ಟಾಪ್ ನೋಡಿ ಓದುತ್ತಾರೆ, ಅಷ್ಟೇ. ಟಿಪ್ಪಣಿಯಲ್ಲಿ ಪೂರ್ಣ ವಾಕ್ಯಗಳನ್ನು ಬರೆದರೆ ಹಾಗೆಯೇ ಆಗುತ್ತದೆ. ಆದ್ದರಿಂದ ಒಂದು ಸ್ಲೈಡಿಗೆ ಒಂದು ಪ್ರಶ್ನೆ, ಒಂದು ಉತ್ತರ, ಮುಂದಿನ ಹೆಜ್ಜೆಗೆ ಎರಡು ಪದ. ಇಷ್ಟಕ್ಕೆ ನಿಲ್ಲಿಸುವ ಶಿಸ್ತು ಬೇಕು. ಆ ಶಿಸ್ತನ್ನು ಯಂತ್ರ ಕಲಿಸುವುದಿಲ್ಲ, ನಾವು ಕಲಿಸಬೇಕು.

ಹಾಗಾಗಿ ಎರಡು ಸಲಹೆಗಳು. ಒಂದು, ಸೂಕ್ಷ್ಮಬೋಧನೆಯ 36 ನಿಮಿಷಗಳ ಚಕ್ರದಲ್ಲಿ ಒಂದನ್ನು ಎರಡು ಪರದೆಯ ಬಳಕೆಗೆ ಮೀಸಲಿಡಿ: 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ. ಎರಡು, ಅವಲೋಕನ ಪತ್ರದಲ್ಲಿ ‘ತಂತ್ರಜ್ಞಾನ ಬಳಸಿದ್ದಾರೆಯೇ?’ ಎಂಬ ಸಾಲಿನ ಬದಲು ‘ಮಕ್ಕಳು ಯೋಚಿಸುವ ಮೊದಲೇ ಪರದೆ ಉತ್ತರ ಹೇಳಿತೇ?’ ಎಂದು ಬರೆಯಿರಿ. ಮೊದಲ ಪ್ರಶ್ನೆಗೆ ಪ್ರೊಜೆಕ್ಟರ್ ಹಚ್ಚಿದವರೆಲ್ಲರೂ ಅಂಕ ಪಡೆಯುತ್ತಾರೆ. ಎರಡನೆಯದಕ್ಕೆ ಅಂಕ ಪಡೆಯಲು ಪಾಠವನ್ನು ಯೋಚಿಸಿ ಕಟ್ಟಿರಬೇಕು.

ಕರೆಂಟು ಹೋದ ದಿನ ಎರಡೂ ಪರದೆಗಳಿರುವುದಿಲ್ಲ. ಹಲಗೆ ಮತ್ತು ಪಾಠಯೋಜನೆ ಇರುತ್ತವೆ. ಯಾವುದನ್ನು ಮಕ್ಕಳಿಗೆ ತೋರಿಸಬೇಕು, ಯಾವುದನ್ನು ಸ್ವಲ್ಪ ಹೊತ್ತು ತಡೆದಿಡಬೇಕು ಎಂಬುದನ್ನು ಚೆನ್ನಾಗಿ ಕಲಿತವರಿಗೆ ಆ ದಿನವೂ ತೊಂದರೆಯಿಲ್ಲ.