ಕುದುರೆ ಮಾರುವವನಿಗೂ ಗಿರಾಕಿಯನ್ನು ಆರಿಸುವ ಹಕ್ಕುಂಟು

1872ರ ಭಾರತೀಯ ಕರಾರು ಅಧಿನಿಯಮವನ್ನು ವಾಣಿಜ್ಯ ಪದವಿಗಾಗಿ ಓದಿದವರಿಗೆ ಅದರ ದೃಷ್ಟಾಂತಗಳಲ್ಲಿ ಮೇಲಿಂದ ಮೇಲೆ ಎದುರಾಗುವ ಕುದುರೆಗಳ ನೆನಪು ಇದ್ದೇ ಇರುತ್ತದೆ. ಹರಾಜಿನಲ್ಲಿ ಮಾರಾಟವಾದ ದೋಷವುಳ್ಳ ಕುದುರೆ, ಸಾವಿರ ರೂಪಾಯಿ ಬೆಲೆಬಾಳಿಯೂ ಹತ್ತು ರೂಪಾಯಿಗೆ ಒಪ್ಪಂದವಾದ ಕುದುರೆ, ಮಾತುಕತೆ ಮುಗಿಯುವ ಹೊತ್ತಿಗಾಗಲೇ ಸತ್ತುಹೋಗಿದ್ದ ಕುದುರೆ, ಎರವಲು ಪಡೆದವನನ್ನು ಕೆಡವಿದ ಪುಂಡ ಕುದುರೆ, ಕಾಶಿಗೆಂದು ಬಾಡಿಗೆಗೆ ಪಡೆದು ಕಟಕಕ್ಕೆ ಹೊಡೆದುಕೊಂಡು ಹೋದ ಕುದುರೆ - ಹೀಗೆ ಸಾಲುಸಾಲು. ಇಂದು ಲಾರಿ, ಕಾರುಗಳಿಗಿರುವ ಸ್ಥಾನ ಅಂದು ಕುದುರೆಗಿತ್ತು. ಜೊತೆಗೆ, ಕೊಟ್ಟ ಮರುಕ್ಷಣದಿಂದ ಅದರ ಯೋಗಕ್ಷೇಮವೆಲ್ಲ ಪಡೆದವನ ನಡತೆಗೆ ಬಿಟ್ಟದ್ದು. ಕಾನೂನು ಬರೆದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟವಿತ್ತು.

ಕುದುರೆಯ ವ್ಯವಹಾರ ಇಂದಿಗೂ ನಿಂತಿಲ್ಲ. ಬೆಂಗಳೂರು, ಮೈಸೂರುಗಳ ರೇಸ್‌ಕೋರ್ಸ್‌ಗಳಿಂದ ನಿವೃತ್ತಿ ಹೊಂದಿದ ಕುದುರೆಗಳು ಸವಾರಿ ಶಾಲೆಗಳಿಗೂ ಖಾಸಗಿ ಸವಾರರಿಗೂ ಹೋಗುತ್ತವೆ. ಮದುವೆಯ ಮೆರವಣಿಗೆಗೆ, ಮೈಸೂರಿನ ಟಾಂಗಾಗಳಿಗೆ ಕುದುರೆ ಬೇಕು. ಮಹಾರಾಷ್ಟ್ರದ ಸಾರಂಗಖೇಡದಲ್ಲಿ ಪ್ರತಿವರ್ಷ ದತ್ತ ಜಯಂತಿಯ ಸಮಯಕ್ಕೆ ಕುದುರೆಗಳ ದೊಡ್ಡ ಜಾತ್ರೆಯೇ ನೆರೆಯುತ್ತದೆ. ಇಲ್ಲೆಲ್ಲ ಮಾರುವವನು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಕೊಡುತ್ತೀರಿ?’ ಎಂಬುದು. ‘ಯಾರಿಗೆ ಕೊಡುತ್ತಿದ್ದೇನೆ?’ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರಬೇಕು. ಏಕೆಂದರೆ ಮಾರುವವನ ಕೈಯಲ್ಲಿ ಖರ್ಚಿಲ್ಲದ ರಕ್ಷಣೆ ಒಂದೇ ಇದೆ: ಕೊಡುವ ಮುನ್ನ ‘ಇಲ್ಲ’ ಎನ್ನುವುದು. ಕೊಟ್ಟ ನಂತರ ಉಳಿಯುವ ರಕ್ಷಣೆಗಳೆಲ್ಲ ನ್ಯಾಯಾಲಯದ ಮೆಟ್ಟಿಲು ಹತ್ತಿಸುವಂಥವು.

ಜಾಹೀರಾತು ಎಂದರೆ ಒಪ್ಪಿಗೆಯಲ್ಲ

ಮಾರಾಟಕ್ಕಿದೆ ಎಂದು ಜಾಹೀರಾತು ಕೊಟ್ಟ ಮೇಲೆ, ಕೇಳಿದ ಬೆಲೆಯನ್ನು ತಂದವನಿಗೆ ಕೊಡಲೇಬೇಕೆಂಬ ಭಾವನೆ ಅನೇಕರಲ್ಲಿದೆ. ಇದು ತಪ್ಪು ತಿಳಿವಳಿಕೆ. ಬೆಲೆ ಸಹಿತವಾದ ಪ್ರದರ್ಶನವು ಸಾಮಾನ್ಯವಾಗಿ ಪ್ರಸ್ತಾಪವಲ್ಲ, ಪ್ರಸ್ತಾಪಕ್ಕೆ ಆಹ್ವಾನ ಮಾತ್ರ. ಅಂಗಡಿಯ ಗಾಜಿನ ಕಪಾಟಿನಲ್ಲಿ ಬೆಲೆಚೀಟಿಯೊಡನೆ ಇಟ್ಟ ಚಾಕುವಿನ ಬಗ್ಗೆ ಇಂಗ್ಲೆಂಡಿನಲ್ಲಿ 1960ರಲ್ಲಿ ತೀರ್ಮಾನವಾದ ಫಿಶರ್ ವಿರುದ್ಧ ಬೆಲ್ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. ಗಿರಾಕಿ ‘ಕೊಳ್ಳುತ್ತೇನೆ’ ಎಂದಾಗ ಆತನದೇ ಪ್ರಸ್ತಾಪ. ಅದನ್ನು ಸ್ವೀಕರಿಸುವುದು, ಬಿಡುವುದು ಮಾರುವವನಿಗೆ ಸೇರಿದ್ದು. ಆದರೆ ಒಪ್ಪಿ ಮುಂಗಡ ಪಡೆದ ಮೇಲೆ ಸ್ಥಿತಿ ಬದಲಾಗುತ್ತದೆ. ಆಮೇಲೆ ಹಿಂದೆಗೆದರೆ ಕರಾರು ಭಂಗವಾಗಿ 73ನೆಯ ಕಲಂನ ಪ್ರಕಾರ ನಷ್ಟಪರಿಹಾರದ ಪ್ರಶ್ನೆ ಏಳುತ್ತದೆ. ಆದ್ದರಿಂದ ವಿಚಾರಣೆಯೆಲ್ಲ ಮುಂಗಡಕ್ಕೆ ಮೊದಲೇ ಮುಗಿಯಬೇಕು.

ಈ ಹಕ್ಕಿಗೆ ಮಿತಿಯೂ ಉಂಟು. ಸಂವಿಧಾನದ 15(2)ನೆಯ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಆಧಾರದ ಮೇಲೆ ಮಾತ್ರವೇ ಯಾರಿಗೂ ಅಂಗಡಿಯ ಪ್ರವೇಶವನ್ನು ತಡೆಯುವಂತಿಲ್ಲವೆನ್ನುತ್ತದೆ. ಅಸ್ಪೃಶ್ಯತೆಯ ಕಾರಣದಿಂದ ಸರಕು ಮಾರಲು ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 6ನೆಯ ಕಲಂನಂತೆ ದಂಡನಾರ್ಹ. ಗಿರಾಕಿಯ ಅರ್ಹತೆಯನ್ನು ಅಳೆಯಬೇಕಾದುದು ಆತನ ನಡತೆ, ಸಾಮರ್ಥ್ಯ, ಸೌಕರ್ಯಗಳಿಂದಲೇ ಹೊರತು ಹುಟ್ಟಿನಿಂದಲ್ಲ.

ಅನರ್ಹ ಗಿರಾಕಿಯ ಲಕ್ಷಣಗಳು

ಸುಮಾರು 450 ಕಿಲೋ ತೂಕದ ಕುದುರೆಗೆ ದಿನವೊಂದಕ್ಕೆ ಒಣಹುಲ್ಲು, ಧಾನ್ಯಗಳೆಲ್ಲ ಸೇರಿ ಒಂಬತ್ತು ಹತ್ತು ಕಿಲೋ ಮೇವು, 25ರಿಂದ 50 ಲೀಟರ್ ನೀರು ಬೇಕು. ಲಾಯ, ಲಾಳ, ವೈದ್ಯರ ಖರ್ಚು ಬೇರೆ. ಇವುಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಕೇವಲ ಬೆಲೆಯ ಮೇಲೆಯೇ ಚೌಕಾಸಿ ಮಾಡುವವನು ಮೊದಲ ಬಗೆಯ ಅನರ್ಹ ಗಿರಾಕಿ. ಕುದುರೆಯ ಬೆಲೆ ಒಮ್ಮೆ ಕೊಡುವುದು, ಮೇವಿನ ಬೆಲೆ ನಿತ್ಯ ಕೊಡುವುದು ಎಂಬ ಲೆಕ್ಕ ಆತನಿಗೆ ಹೊಳೆದಿರುವುದಿಲ್ಲ.

ಎರಡನೆಯವನು ತನ್ನ ಉದ್ದೇಶಕ್ಕೆ ಒಗ್ಗದ ಕುದುರೆಯನ್ನು ಬಯಸುವವನು. ಓಟಕ್ಕಾಗಿಯೇ ಪಳಗಿಸಿದ ಥರೋಬ್ರೆಡ್ ಕುದುರೆಯನ್ನು ಬ್ಯಾಂಡು, ಪಟಾಕಿಗಳ ನಡುವೆ ಮದುವೆಯ ಮೆರವಣಿಗೆಗೆ ನಿಲ್ಲಿಸುವುದು, ಅಥವಾ ಎಂದೂ ಸವಾರಿ ಮಾಡದ ಬಾಲಕನಿಗೆ ಒಪ್ಪಿಸುವುದು ಕುದುರೆಗೂ ಜನರಿಗೂ ಅಪಾಯ. ಕುದುರೆ ಹೊರಬಹುದಾದ ಭಾರವು ಅದರ ತೂಕದ ಶೇಕಡ 20ರಷ್ಟನ್ನು ಮೀರಬಾರದೆಂಬ ಸಾಮಾನ್ಯ ಸೂತ್ರವೊಂದಿದೆ. ಸವಾರನ ತೂಕ ಕೇಳಿದರೆ ಸಿಟ್ಟಾಗುವವನಿಗೆ ಕುದುರೆ ಕೊಡದಿರುವುದೇ ಲೇಸು.

ಮೂರನೆಯವನು ಅವಸರದವನು. ಪಶುವೈದ್ಯರ ತಪಾಸಣೆ ಬೇಡ, ಎರಡನೆಯ ಸಲ ಬಂದು ಸವಾರಿ ಮಾಡಿ ನೋಡುವುದೂ ಬೇಡ, ಇಂದೇ ಲಾರಿಗೆ ಹತ್ತಿಸಿ ಎನ್ನುತ್ತಾನೆ. ಮನುಷ್ಯರಿಗೂ ಹರಡಬಲ್ಲ ಗ್ಲ್ಯಾಂಡರ್ಸ್ ರೋಗದ ಪರೀಕ್ಷೆಯನ್ನು ಹಿಸಾರದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ನಡೆಸುತ್ತದೆ. ಆ ವರದಿಗೂ ಕಾಯಲೊಲ್ಲದವನು ಬೇರೆ ಯಾರಿಗೋ ಮರುಮಾರಾಟ ಮಾಡಲು ಹೊರಟಿರಬಹುದು. ನಾಲ್ಕನೆಯವನು ಪೂರ್ತಿ ಹಣವನ್ನು ನಗದಾಗಿಯೇ ಕೊಡುವೆನೆನ್ನುವವನು. 2017ರಿಂದ ಒಂದು ವ್ಯವಹಾರದಲ್ಲಿ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದನ್ನು ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡವು ಸ್ವೀಕರಿಸಿದ ಮೊತ್ತದಷ್ಟೇ ಆಗಬಹುದು. ಅದು ಬೀಳುವುದು ಕೊಟ್ಟವನ ಮೇಲಲ್ಲ, ಪಡೆದವನ ಮೇಲೆ.

ಎರವಲು ಸುಲಭವಲ್ಲ

ಮಾರಲು ಮನಸ್ಸಿಲ್ಲದೆ, ಸಾಕಲು ಸಾಧ್ಯವಿಲ್ಲದೆ, ಪರಿಚಿತರಿಗೆ ಎರವಲಾಗಿ ಕೊಡುವ ಪದ್ಧತಿಯೂ ಇದೆ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಕಾನೂನು ಕೊಟ್ಟವನ ಪರವಾಗಿ ಬಹಳಷ್ಟು ಹೇಳಿದೆ. ಒಪ್ಪಂದಕ್ಕೆ ವಿರುದ್ಧವಾಗಿ ಬಳಸಿದರೆ 153ನೆಯ ಕಲಂನಂತೆ ಎರವಲನ್ನು ಕೊನೆಗೊಳಿಸಬಹುದು. ತನ್ನ ಸವಾರಿಗೆಂದು ಪಡೆದು ಮನೆಯವರಿಗೆ ಸವಾರಿ ಕೊಟ್ಟಾಗ ಕುದುರೆ ಬಿದ್ದು ಗಾಯಗೊಂಡರೆ, ಅವರು ಎಷ್ಟೇ ಜಾಗರೂಕರಾಗಿದ್ದರೂ ಪಡೆದವನೇ ಪರಿಹಾರ ಕೊಡಬೇಕೆನ್ನುತ್ತದೆ 154ನೆಯ ಕಲಂ. ಆದರೆ 150ನೆಯ ಕಲಂ ಕೊಟ್ಟವನತ್ತಲೂ ಬೆರಳು ತೋರಿಸುತ್ತದೆ. ಕುದುರೆ ಪುಂಡನೆಂದು ಗೊತ್ತಿದ್ದೂ ತಿಳಿಸದಿದ್ದರೆ ಸವಾರನಿಗಾದ ಗಾಯಕ್ಕೆ ಕೊಟ್ಟವನೇ ಹೊಣೆ. ಬಾಡಿಗೆಗೆ ಕೊಟ್ಟಿದ್ದರಂತೂ ದೋಷ ಗೊತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಬಾರದು, ಹೊಣೆ ತಪ್ಪದು. ಹೀಗಿರುವಾಗ ಅನನುಭವಿ ಸವಾರನಿಗೆ ದಾಕ್ಷಿಣ್ಯಕ್ಕೆ ಕುದುರೆ ಕೊಡುವುದು ತನ್ನ ಆಸ್ತಿಯನ್ನೂ ಹೊಣೆಯನ್ನೂ ಒಟ್ಟಿಗೆ ಒಡ್ಡಿದಂತೆ.

‘ಒಂದು ವಾರ ಇಟ್ಟುಕೊಂಡು ನೋಡುತ್ತೇನೆ’

ಒಪ್ಪಿಗೆಯಾದರೆ ಇಟ್ಟುಕೊಳ್ಳುವ, ಇಲ್ಲವಾದರೆ ಹಿಂದಿರುಗಿಸುವ ಕ್ರಮವನ್ನು ಜವಳಿ, ಆಭರಣ ವ್ಯಾಪಾರಿಗಳೂ ಬಲ್ಲರು. 1930ರ ಸರಕು ಮಾರಾಟ ಅಧಿನಿಯಮದ 24ನೆಯ ಕಲಂ ಇದಕ್ಕೆ ಸಂಬಂಧಿಸಿದ್ದು. ಈ ಅಧಿನಿಯಮಕ್ಕೆ ಇಂಗ್ಲೆಂಡಿನ 1893ರ ಕಾನೂನೇ ಮಾದರಿಯಾದುದರಿಂದ ಅಲ್ಲಿನ ಹಳೆಯ ತೀರ್ಪುಗಳು ಇಲ್ಲಿಯೂ ದಾರಿ ತೋರುತ್ತವೆ. 1880ರ ಎಲ್ಫಿಕ್ ವಿರುದ್ಧ ಬಾರ್ನ್ಸ್ ಪ್ರಕರಣದಲ್ಲಿ ಎಂಟು ದಿನಗಳ ಪರೀಕ್ಷೆಗೆಂದು ಕೊಟ್ಟ ಕುದುರೆ ಮೂರನೆಯ ದಿನ ಯಾರ ತಪ್ಪೂ ಇಲ್ಲದೆ ಸತ್ತಿತು; ನಷ್ಟ ಮಾರಾಟಗಾರನ ಪಾಲಾಯಿತು. 1897ರ ಕಿರ್ಕ್‌ಹ್ಯಾಮ್ ವಿರುದ್ಧ ಅಟೆನ್‌ಬರೋ ಪ್ರಕರಣದಲ್ಲಿ ಹೀಗೆಯೇ ಪಡೆದ ಆಭರಣವನ್ನು ಪಡೆದವನು ಗಿರವಿ ಇಟ್ಟ. ಗಿರವಿ ಇಟ್ಟದ್ದೇ ಖರೀದಿಗೆ ಒಪ್ಪಿದಂತಾದುದರಿಂದ ಮೂಲ ಮಾಲೀಕನಿಗೆ ಒಡವೆ ಮರಳಿ ಸಿಗಲಿಲ್ಲ. ‘ಪೂರ್ತಿ ಹಣ ಸಂದಾಯವಾಗುವವರೆಗೆ ಒಡೆತನ ಮಾರುವವನದೇ’ ಎಂಬ ಷರತ್ತು ಬರೆದುಕೊಂಡಿದ್ದವನಿಗೆ 1906ರ ವೈನರ್ ವಿರುದ್ಧ ಗಿಲ್ ಪ್ರಕರಣದಲ್ಲಿ ಜಯ ಸಿಕ್ಕಿತು. ಪರೀಕ್ಷೆಗೆ ಕೊಡುವುದಾದರೆ ಅವಧಿ, ಜೀವಹಾನಿಯ ಹೊಣೆ, ಒಡೆತನ ಈ ಮೂರೂ ಬರಹದಲ್ಲಿರಬೇಕು. ಸಹಿ ಹಾಕಲು ಹಿಂಜರಿಯುವವನಿಗೆ ಹಗ್ಗ ಬಿಚ್ಚಿ ಕೊಡಬಾರದು.

ಮಾರಿದ ಮೇಲೆ ಉಳಿಯುವುದೇನು?

‘ಬೇಡವಾದರೆ ನನಗೇ ಹಿಂದಿರುಗಿಸಬೇಕು, ಬೇರೆಯವರಿಗೆ ಮಾರಕೂಡದು’ ಎಂದು ಬರೆಸಿಕೊಂಡು ನೆಮ್ಮದಿಯಿಂದಿರುವವರುಂಟು. ಈ ಮಾತು ಕಟ್ಟಿಹಾಕುವುದು ಕೊಂಡವನನ್ನು ಮಾತ್ರ. ಕೊಂಡವನು ಮಾತು ಮುರಿದು ಮಾರಿದರೆ, ಅದನ್ನರಿಯದೆ ಕೊಂಡ ಮೂರನೆಯವನಿಂದ ಕುದುರೆಯನ್ನು ಬಿಡಿಸಿ ತರಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಪರಿಹಾರಕ್ಕೆ ದಾವೆ ಹೂಡುವುದಷ್ಟೇ ಉಳಿಯುತ್ತದೆ. ಹಣ ಬಾರದ ಮಾರಾಟಗಾರನಿಗೆ ಸರಕನ್ನು ತಡೆಹಿಡಿಯುವ ಹಕ್ಕು ಕೂಡ ಸರಕು ಆತನ ವಶದಲ್ಲಿರುವವರೆಗೆ ಮಾತ್ರ. ‘ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು’ ಎಂಬಂತೆ ಮಾರಿದ ನಂತರದ ಷರತ್ತುಗಳಿಗಿಂತ ಮಾರುವ ಮುನ್ನದ ಆಯ್ಕೆಯೇ ಗಟ್ಟಿ.

ಆದರೆ ಹಣದ ತುರ್ತು ಇರುವವನು ಗಿರಾಕಿಯನ್ನು ಆರಿಸುತ್ತ ಕೂರಲಾದೀತೇ ಎಂಬ ಆಕ್ಷೇಪ ಸಹಜ. ಇಲ್ಲಿ ಲೆಕ್ಕವನ್ನೇ ಮುಂದಿಡಬೇಕು. ಇನ್ನೊಂದು ತಿಂಗಳು ಕುದುರೆಯನ್ನು ಇಟ್ಟುಕೊಂಡರೆ ಮೇವು, ಆಳಿನ ಕೂಲಿ, ಲಾಯದ ಬಾಡಿಗೆ ಸೇರಿ ಎಷ್ಟಾಗುವುದೆಂದು ಕಾಗದದ ಮೇಲೆ ಬರೆಯಬಹುದು. ಅದಕ್ಕೊಂದು ಮಿತಿಯಿದೆ. ತಪ್ಪು ಗಿರಾಕಿಯಿಂದ ಬರುವ ಬಾಕಿ, ವ್ಯಾಜ್ಯ, ಅಪಘಾತ, ಅಪಖ್ಯಾತಿಗಳಿಗೆ ಅಂಥ ಮಿತಿಯಿಲ್ಲ. ಇದರ ಮೇಲೆ ಲೆಕ್ಕಪುಸ್ತಕಕ್ಕೆ ಸಿಗದ ಅಂಶವೂ ಒಂದಿದೆ. ಕುದುರೆಯ ಆಯುಷ್ಯ 25ರಿಂದ 30 ವರ್ಷ. ರೇಸಿನ ಬದುಕು ಹತ್ತರೊಳಗೇ ಮುಗಿಯುವುದು ವಾಡಿಕೆ. ಉಳಿದ ಹದಿನೈದು ಇಪ್ಪತ್ತು ವರ್ಷ ಅದು ಹೊಟ್ಟೆತುಂಬ ತಿನ್ನುವುದೋ, ಗಾಯದ ಬೆನ್ನಿನಲ್ಲಿ ದುಡಿಯುವುದೋ ಎಂಬುದನ್ನು ಮಾರುವವನ ಒಂದು ಮಾತು ನಿರ್ಧರಿಸುತ್ತದೆ. ವಯಸ್ಸು, ರೋಗ, ಗಾಯಗಳಿಂದ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಕಲಂನಂತೆ ಅಪರಾಧ. ಆದರೆ ಲಾಯದ ಒಳಗೆ ನಡೆಯುವುದನ್ನು ಕಾನೂನಿನ ಕಣ್ಣು ಪ್ರತಿದಿನ ನೋಡಲಾರದು.

ನಿರಾಕರಣೆಗೂ ಒಂದು ರೀತಿಯುಂಟು. ‘ಬೇರೆಯವರಿಗೆ ಮಾತಾಗಿದೆ’ ಎಂಬ ಸುಳ್ಳು ಬೇಡ. ಮಾರುಕಟ್ಟೆಯಲ್ಲಿ ಸುಳ್ಳು ಬೇಗ ಬಯಲಾಗುತ್ತದೆ. ಗಿರಾಕಿಯ ದೋಷಗಳನ್ನು ಪಟ್ಟಿ ಮಾಡಿ ಹೇಳುವುದೂ ಬೇಡ, ಇತರರ ಮುಂದೆ ಆಡಿಕೊಳ್ಳುವುದಂತೂ ಸಲ್ಲ. ‘ತಮ್ಮ ಅಗತ್ಯಕ್ಕೆ ಈ ಕುದುರೆ ಹೊಂದುವುದಿಲ್ಲ’ ಎಂಬ ಒಂದು ವಾಕ್ಯ ಸಾಕು. ಮೆದುವಾದ ಇಂಥದೇ ಕುದುರೆ ಬೇರೆಲ್ಲಾದರೂ ಇದೆಯೆಂದು ತಿಳಿದಿದ್ದರೆ ಅದನ್ನು ಸೂಚಿಸಿ ಕಳುಹಿಸಿದರೆ, ನಿರಾಕರಿಸಲ್ಪಟ್ಟವನೂ ಕೃತಜ್ಞನಾಗಿ ಹೋಗುತ್ತಾನೆ.

ಕುದುರೆಯ ವ್ಯಾಪಾರ ಮಾಡುವವರು ಈ ಪತ್ರಿಕೆಯ ಓದುಗರಲ್ಲಿ ವಿರಳ. ಆದರೆ ಯಂತ್ರವನ್ನು ಬಾಡಿಗೆಗೆ ಕೊಡುವ ಕಾರ್ಖಾನೆದಾರರು, ಅಚ್ಚುಗಳನ್ನು ಪರರ ಕೈಗೊಪ್ಪಿಸುವವರು, ಉದ್ದರಿಯ ಮೇಲೆ ಸರಕು ಕಳುಹಿಸುವವರು, ಹೆಸರಾಂತ ಉತ್ಪನ್ನಕ್ಕೆ ವಿತರಕರನ್ನು ನೇಮಿಸುವವರು ಇದ್ದಾರೆ. ಅವರೆಲ್ಲರೂ ಮುಂಗಡದ ರಶೀದಿ ಬರೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ: ಪಡೆಯುವವನು ಇದನ್ನು ಯಾವುದಕ್ಕೆ ಬಳಸುತ್ತಾನೆ, ಕಾಪಾಡಬಲ್ಲನೇ, ಬರಹಕ್ಕೆ ಸಹಿ ಹಾಕುತ್ತಾನೆಯೇ, ಹಣವನ್ನು ಯಾವ ದಾರಿಯಿಂದ ಕೊಡುತ್ತಾನೆ? ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಅಂದಿನ ವ್ಯಾಪಾರವನ್ನು ಬಿಟ್ಟುಕೊಡುವುದೇ ವ್ಯಾಪಾರಿಗೆ ಕ್ಷೇಮ.