ಅಕ್ಕನ ದನಿ ನಮ್ಮ ಮನೆ ತನಕ ಬರಲಿಲ್ಲ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಗೆ ಕೆಲಸಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ಆ ಮೂರರಲ್ಲಿ ನಮ್ಮದೂ ಒಂದು. ಮೊಳಕಾಲ್ಮೂರು ತಾಲ್ಲೂಕಿನವರು, ಅದೂ ನಮ್ಮ ಸಿದ್ದಾಪುರದವರೇ. ಬೆಂಗಳೂರಲ್ಲಿ ಸಿದ್ದಾಪುರ ಅಂದರೆ ಒಬ್ಬರು "ಶಿರಸಿ ಹತ್ರದ್ದಾ?" ಅಂತಾರೆ, ಇನ್ನೊಬ್ಬರು "ಜಯನಗರದ ಪಕ್ಕದ್ದಾ?" ಅಂತಾರೆ. ಅಲ್ಲ ಸ್ವಾಮಿ, ಅಶೋಕನ ಶಾಸನ ಇರೋದು ಅಂತ ಬಿಡಿಸಿ ಹೇಳಿ ಹೇಳಿ ಸಾಕಾಗಿದ್ದ ನನಗೆ, ಆ ಊರಿನ ಒಬ್ಬರು ಲಿಫ್ಟಿನಲ್ಲಿ ಸಿಕ್ಕಿದ್ದು ದೊಡ್ಡ ಖುಷಿ.

ಹೋದ ತಿಂಗಳು ಒಂದು ಶುಕ್ರವಾರ ಅಕ್ಕ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಳ್ಳುತ್ತಾ, "ತಮ್ಮಾ, ಭಾನುವಾರ ಹತ್ತೂವರೆಗೆ ನನ್ನ ಮಾತು ರೇಡಿಯೋದಾಗೆ ಬರ್ತೈತೆ. ಹಿಡ್ಕೊಂಡು ಕೇಳು. ಮನೇರಿಗೂ ಕೇಳ್ಸು" ಅಂದರು. ಅವರಿರುವ ಏರಿಯಾದ ಹತ್ತಿರ ಒಂದು ಸಮುದಾಯ ಬಾನುಲಿ ಇದೆ, ಕಮ್ಯುನಿಟಿ ರೇಡಿಯೋ. ಮನೆಗೆಲಸದವರ ಕಾರ್ಯಕ್ರಮಕ್ಕೆ ಇವರನ್ನು ಕರೆದು ಮಾತಾಡಿಸಿದ್ದರಂತೆ. ಏನು ಮಾತಾಡಿದಿರಿ ಅಂದರೆ ನಕ್ಕರು. "ಕೇಳಿದ್ರೆ ಗೊತ್ತಾಗ್ತೈತಲ್ಲ."

ಇಂಜಿನಿಯರಿಂಗ್‌ನಲ್ಲಿ ಎರಡು ಸೆಮಿಸ್ಟರ್ ಕಮ್ಯುನಿಕೇಷನ್ ಓದಿದವನು ನಾನು. ರೇಡಿಯೋ ಹಿಡಿಯೋದು ಯಾವ ಮಹಾ ಕೆಲಸ ಅಂದುಕೊಂಡೆ. ಭಾನುವಾರ ಹತ್ತೂಕಾಲಿಗೆ ಫೋನ್ ತೆಗೆದರೆ ಅದರಲ್ಲಿ ಎಫ್‌ಎಂ ಆಪೇ ಇಲ್ಲ. ಇಯರ್‌ಫೋನ್ ಚುಚ್ಚುವ ತೂತೂ ಇಲ್ಲ. ಫೋನಿನ ಎಫ್‌ಎಂಗೆ ಆಂಟೆನಾ ಆಗೋದೇ ಇಯರ್‌ಫೋನ್ ವೈರು. ತೂತು ಹೋದಾಗ ರೇಡಿಯೋ ಕೂಡ ಹೋಗಿತ್ತು, ನಾನು ಗಮನಿಸಿರಲಿಲ್ಲ. ಪಕ್ಕದ ಮನೆ ಅಂಕಲ್ ಹತ್ತಿರ ಹಳೇ ಟ್ರಾನ್ಸಿಸ್ಟರ್ ಇಸ್ಕೊಂಡು ಬಂದು ಮುಳ್ಳನ್ನು ಎಡತುದಿಗೆ ತಿರುಗಿಸಿದೆ. ಸುಯ್ ಅಂತ ಸದ್ದು. ಅದರೊಳಗಿಂದ ಒಂದು ಸಿನಿಮಾ ಹಾಡು, ಮೇಲಿನ ಫ್ರೀಕ್ವೆನ್ಸಿಯ ದೊಡ್ಡ ಸ್ಟೇಷನ್‌ದು. ಬಾಲ್ಕನಿಗೆ ಹೋದೆ, ಟೆರೇಸಿಗೆ ಹೋದೆ, ನೀರಿನ ಟ್ಯಾಂಕಿನ ಏಣಿ ಹತ್ತಿ ಏರಿಯಲ್ ಎತ್ತಿ ಹಿಡಿದೆ. ಯಾರೋ ಹೆಂಗಸರ ದನಿ ಎರಡು ಸಲ ತೇಲಿ ಬಂತು. "ನಮ್ಮೂರಾಗೆ ಶೇಂಗಾ..." ಅನ್ನೋದು ಕೇಳಿಸಿತು. ಆಮೇಲೆ ಒಂದು ಜಾಹೀರಾತು ಅದನ್ನು ನುಂಗಿತು. ಹತ್ತು ಐವತ್ತಕ್ಕೆ ಕೆಳಗಿಳಿದೆ.

ಸ್ಟೇಷನ್ನಿಂದ ನಮ್ಮ ಬಿಲ್ಡಿಂಗಿಗೆ ಮ್ಯಾಪಿನಲ್ಲಿ ಅಳೆದರೆ ಆರು ಕಿಲೋಮೀಟರ್.

ಅದು ಯಾವ ಸ್ಟೇಷನ್ ಅಂತ ಇಲ್ಲಿ ಹೇಳಲ್ಲ, ಯಾಕಂದರೆ ಕೇಳಿಸದೇ ಇದ್ದದ್ದು ಅವರ ತಪ್ಪಲ್ಲ. ಅಡ್ಡ ಬಂದ ಹಾಡಿನ ಸ್ಟೇಷನ್ನಿನ ತಪ್ಪೂ ಅಲ್ಲ, ಅದು ತನಗೆ ಕೊಟ್ಟ ಜಾಗದಲ್ಲೇ ಇದೆ. ಹಾಗಾದರೆ ಯಾರದು? ಅವತ್ತು ಸಂಜೆ ಕೂತು ಲೆಕ್ಕ ಹಾಕಿದೆ.

ನಮ್ಮ ದೇಶದಲ್ಲಿ ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಸಿಗುವ ಶಕ್ತಿ 100 ವಾಟ್. ಆಂಟೆನಾ ನೆಲದಿಂದ 30 ಮೀಟರ್ ಮೀರುವಂತಿಲ್ಲ. ಬೆಂಗಳೂರಲ್ಲಿ 30 ಮೀಟರ್ ಅಂದರೆ ಹತ್ತು ಮಹಡಿ, ಅದಕ್ಕಿಂತ ಎತ್ತರದ ಕಟ್ಟಡ ಈಗ ಗಲ್ಲಿಗೊಂದಿದೆ. ಅದೇ ಊರಿನ ಖಾಸಗಿ ಎಫ್‌ಎಂಗಳು ಕಿಲೋವಾಟ್ ಲೆಕ್ಕದಲ್ಲಿ, ಬಹಳ ಎತ್ತರದ ಗೋಪುರದಿಂದ ಬಿತ್ತರಿಸುತ್ತವೆ. 10 ಕಿಲೋವಾಟ್ ಅಂತಲೇ ಇಟ್ಟುಕೊಂಡರೂ ನೂರು ಪಟ್ಟು. ಜಾತ್ರೆಯಲ್ಲಿ ಮೈಕ್ ಸೆಟ್ಟಿನ ಪಕ್ಕ ನಿಂತು ಒಬ್ಬರು ಕಿವಿಯಲ್ಲಿ ಹೇಳಿದ ಮಾತು ಕೇಳಿಸಿಕೊಳ್ಳೋ ಹಾಗೆ.

ಈಗ ಜಾಗದ ವಿಷಯ. ಬೆಂಗಳೂರಿನ ಖಾಸಗಿ ಎಫ್‌ಎಂ ನಂಬರುಗಳು ಬಾಯಿಪಾಠ ಇದ್ದವರು ನೋಡಿ: 91.1, 91.9, 92.7, 93.5, 94.3. ಒಂದಕ್ಕೂ ಇನ್ನೊಂದಕ್ಕೂ ಸರಿಯಾಗಿ 0.8 ಮೆಗಾಹರ್ಟ್ಸ್ ಅಂತರ. ಸಮಬಲದವರ ಮಧ್ಯೆ ಬಿಟ್ಟ ಓಣಿ ಅದು. ಸಮುದಾಯ ಬಾನುಲಿಗಳಿಗೆ ದೇಶದ ಬಹಳ ಕಡೆ ಸಿಗುವುದು 90.4, 90.8, 107.8ರಂಥ ಕೆಲವೇ ನಂಬರುಗಳು, ಡಯಲಿನ ತುದಿಯವು. 90.4ರಿಂದ 91.1ಕ್ಕೆ 0.7 ಅಂತರ. ಕಾಗದದ ಮೇಲೆ ಇದು ಸಾಕು. ಆದರೆ ಅಂಕಲ್‌ನ ಟ್ರಾನ್ಸಿಸ್ಟರಿಗೆ ಕಾಗದ ಓದೋಕೆ ಬರಲ್ಲ. ಅಗ್ಗದ ರಿಸೀವರ್ ಒಳಗಿನ ಫಿಲ್ಟರ್ ಸಡಿಲ. ಪಕ್ಕದಲ್ಲಿ ನೂರು ಪಟ್ಟು ಜೋರಾದ ಸಿಗ್ನಲ್ ಇದ್ದರೆ ಅದರ ಮುಂಭಾಗವೇ ತುಂಬಿಹೋಗಿ ತಬ್ಬಿಬ್ಬಾಗುತ್ತದೆ. ಅದರ ಮೇಲೆ ಎಫ್‌ಎಂನ ಒಂದು ಗುಣ ಇದೆ. ಹಳೇ ಎಎಂ ರೇಡಿಯೋದಲ್ಲಿ ಎರಡು ದನಿ ಸೇರಿದರೆ ಎರಡೂ ಕಲಸಿ ಕೇಳುತ್ತಿದ್ದವು. ಎಫ್‌ಎಂ ರಿಸೀವರ್ ಜೋರಾದದ್ದನ್ನು ಹಿಡಿದು ಮೆಲ್ಲನೆಯದನ್ನು ಪೂರ್ತಿ ಕೈಬಿಡುತ್ತದೆ. ಕ್ಯಾಪ್ಚರ್ ಎಫೆಕ್ಟ್ ಅಂತ ಪರೀಕ್ಷೆಗೆ ಬರೆದು ಐದು ಅಂಕ ತಗೊಂಡಿದ್ದೆ. ಅದು ಯಾರ ಮಾತನ್ನು ಕೈಬಿಡಬಹುದು ಅಂತ ಆಗ ಯೋಚಿಸಿರಲಿಲ್ಲ.

ಇನ್ನೊಂದು ಪ್ರಯೋಗ ಮಾಡಿದೆ, ನೀವೂ ಮಾಡಬಹುದು. ರೇಡಿಯೋವನ್ನು ಖಾಲಿ ಜಾಗದಲ್ಲಿ ನಿಲ್ಲಿಸಿ, ಸೆಲ್ಲಿನ ಮೇಲೆ ಓಡಿಸುತ್ತಾ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ನಮ್ಮ ಮನೆಯಲ್ಲಿ ಗರಗರ ಸದ್ದು ಅರ್ಧಕ್ಕೆ ಇಳಿಯಿತು. ಎಲ್‌ಇಡಿ ಬಲ್ಬು, ಲ್ಯಾಪ್‌ಟಾಪ್ ಚಾರ್ಜರ್, ವೈಫೈ ಡಬ್ಬಿಯ ಅಡಾಪ್ಟರ್ ಎಲ್ಲದರೊಳಗೂ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗೋ ಸರ್ಕ್ಯೂಟ್ ಇದೆ. ಅಗ್ಗದ ಮಾಲಿನಲ್ಲಿ ಆ ಗದ್ದಲ ತಡೆಯುವ ಬಿಡಿಭಾಗವನ್ನೇ ಹಾಕಿರಲ್ಲ. ದೊಡ್ಡ ಸ್ಟೇಷನ್ ಅದರ ಮೇಲೆ ಎದ್ದು ಕೂಗುತ್ತೆ. 100 ವಾಟ್‌ನದು ಅದರ ಕೆಳಗೆ ಮುಳುಗುತ್ತೆ. ಅಂದರೆ ಅಕ್ಕನ ಮಾತನ್ನು ನುಂಗಿದ್ದರಲ್ಲಿ ನನ್ನ ಮನೆಯ ಬಲ್ಬಿನ ಪಾಲೂ ಇದೆ.

"ಹಾಗಿದ್ರೆ ಪವರ್ ಜಾಸ್ತಿ ಮಾಡಿ ಅಷ್ಟೇ" ಅಂತ ಆಫೀಸಿನ ಗೆಳೆಯ ಅಂದ. ಅಷ್ಟು ಸುಲಭ ಇಲ್ಲ. ದೆಹಲಿಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಾನುಲಿಯೂ 90.4, ಜಾಮಿಯಾ ಮಿಲಿಯಾದ್ದೂ 90.4. ಒಂದೇ ಊರು, ಒಂದೇ ನಂಬರು, ಬೇರೆ ಬೇರೆ ದಿಕ್ಕು. ಇಬ್ಬರೂ ಸಣ್ಣದಾಗಿ ಮಾತಾಡೋದರಿಂದಲೇ ಇಬ್ಬರಿಗೂ ಜಾಗ. ಒಬ್ಬರು ದನಿ ಏರಿಸಿದರೆ ಇನ್ನೊಬ್ಬರು ಹೋದಂತೆ. ಸಣ್ಣ ಶಕ್ತಿ ಅನ್ನೋದು ಶಿಕ್ಷೆ ಅಲ್ಲ, ಅದು ಹೆಚ್ಚು ಜನಕ್ಕೆ ಅವಕಾಶ ಕೊಡುವ ದಾರಿ. ಇದನ್ನು ಒಪ್ಪುತ್ತೇನೆ. ನನ್ನ ತಕರಾರು ಬೇರೆ ಇದೆ, ಅದನ್ನು ಹೇಳೋಕೆ ಸ್ವಲ್ಪ ಅಮೆರಿಕದ ಕಥೆ ಬೇಕು.

ಅಲ್ಲಿ 2000ದ ಜನವರಿಯಲ್ಲಿ ಸರ್ಕಾರದ ಪ್ರಸಾರ ಆಯೋಗ 100 ವಾಟ್‌ನ ಸಣ್ಣ ಸ್ಟೇಷನ್ನುಗಳಿಗೆ ಬಾಗಿಲು ತೆರೆಯಿತು. ದೊಡ್ಡ ಸ್ಟೇಷನ್ನುಗಳು ಒಟ್ಟಾಗಿ "ನಮ್ಮ ಸಿಗ್ನಲ್ ಕೆಡುತ್ತೆ" ಅಂತ ಗಲಾಟೆ ಎಬ್ಬಿಸಿದವು. ಅದೇ ವರ್ಷದ ಕೊನೆಗೆ ಸಂಸತ್ತು ಕಾನೂನು ಮಾಡಿ, ದೊಡ್ಡವರಿಂದ 0.6 ಮೆಗಾಹರ್ಟ್ಸ್ ದೂರದ ಜಾಗವನ್ನೂ ಸಣ್ಣವರಿಗೆ ಕೊಡಕೂಡದು ಅಂದಿತು. ದೊಡ್ಡ ಊರುಗಳಲ್ಲಿ ಅಷ್ಟು ದೂರದ ಜಾಗ ಎಲ್ಲಿಂದ ತರೋದು? ನಿಜವಾಗಿ ಕೆಡುತ್ತಾ ನೋಡಿ ಅಂತ ಒಂದು ಅಧ್ಯಯನ ಮಾಡಿಸಿದರು. ಮೈಟರ್ ಅನ್ನೋ ಸಂಸ್ಥೆಯ ಆ ವರದಿ 2003ರಲ್ಲಿ ಬಂತು. ಹೇಳಿಕೊಳ್ಳುವಂಥ ತೊಂದರೆ ಇಲ್ಲ ಅಂತ ಅದರಲ್ಲಿತ್ತು. ಆದರೂ ಆ ನಿರ್ಬಂಧ ಹೋಗಿದ್ದು 2011ರ ಜನವರಿಯಲ್ಲಿ, ಒಬಾಮ ಸಹಿ ಹಾಕಿದ ಮೇಲೆ. ನೋಡಿ, ಹತ್ತು ವರ್ಷ ಎಲ್ಲರೂ ಚರ್ಚೆ ಮಾಡಿದ್ದು ಸಣ್ಣದು ದೊಡ್ಡದಕ್ಕೆ ಅಡ್ಡ ಬರುತ್ತಾ ಅಂತ. ದೊಡ್ಡದು ಸಣ್ಣದನ್ನು ನುಂಗುತ್ತಾ ಅನ್ನೋದನ್ನು ಅಷ್ಟೇ ಜೋರಾಗಿ ಯಾರೂ ಕೇಳಲಿಲ್ಲ. ನಮ್ಮಲ್ಲೂ ಅಷ್ಟೇ ಅಂತ ನನಗನ್ನಿಸುತ್ತೆ. ಸಣ್ಣವರನ್ನು ಡಯಲಿನ ಮೂಲೆಯಲ್ಲಿ ದೊಡ್ಡವರ ಗೋಡೆಗೆ ಒರಗಿಸಿ ಕೂರಿಸಿದ್ದೇವೆ. ಶಕ್ತಿ ಹೆಚ್ಚಿಸುವುದು ಬೇಡ, ಊರೊಳಗೆ ಒಂದು ನಂಬರಿನ ಎರಡೂ ಕಡೆ ಇನ್ನಷ್ಟು ಖಾಲಿ ಬಿಡಿ ಅನ್ನೋದು ನನ್ನ ಬೇಡಿಕೆ.

ಗಾಳಿಯ ಅಲೆ ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ, ಕ್ರಿಕೆಟ್ ಪ್ರಸಾರದ ಒಂದು ಕೇಸಿನಲ್ಲಿ. ಆಮೇಲೂ 2002ರಲ್ಲಿ ಬಾಗಿಲು ತೆರೆದದ್ದು ವಿದ್ಯಾಸಂಸ್ಥೆಗಳಿಗೆ ಮಾತ್ರ, ಸ್ವಯಂಸೇವಾ ಸಂಸ್ಥೆಗಳಿಗೆ 2006ರಲ್ಲಿ. ನಡುವೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ಲೈಸೆನ್ಸ್ ಸಿಗಲ್ಲ ಅಂದಾಗ 'ನಮ್ಮ ಧ್ವನಿ' ಅಂತ ಶುರು ಮಾಡಿ, ಟಿವಿ ಕೇಬಲ್ಲಿನ ವೈರಿನಲ್ಲೇ ಕಾರ್ಯಕ್ರಮ ಮನೆಮನೆಗೆ ಹರಿಸಿದರು. ವೈರಿನೊಳಗೆ ಪಕ್ಕದವರ ಹಾಡು ನುಗ್ಗಲ್ಲ ನೋಡಿ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಂಕಲ್‌ನ ಟ್ರಾನ್ಸಿಸ್ಟರನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೆ. ಸಿದ್ದಾಪುರದ ನಮ್ಮ ಮನೆ ಮಾಳಿಗೆ ಮೇಲೆ ಕೂತು ಮುಳ್ಳು ತಿರುಗಿಸಿದರೆ ಒಂದೆರಡು ಆಕಾಶವಾಣಿ, ಅದರಲ್ಲೊಂದು ತೆಲುಗು. ಉಳಿದದ್ದೆಲ್ಲ ಖಾಲಿ. ಇಲ್ಲಿ 100 ವಾಟ್ ಹಾಕಿದರೆ ಬಯಲು ದಾಟಿ ಎಷ್ಟೋ ಹಳ್ಳಿಗೆ ಕೇಳೀತು. ಹೇಳೋಕೂ ಇದೆ: ಶೇಂಗಾ ರೇಟು, ಟ್ಯಾಂಕರ್ ಬರೋ ದಿನ, ಸೀರೆ ಮಗ್ಗದವರ ಕಷ್ಟ. ಜಾಗ ಇರೋ ಕಡೆ ಸ್ಟೇಷನ್ ಇಲ್ಲ, ಸ್ಟೇಷನ್ ಇರೋ ಕಡೆ ಜಾಗ ಇಲ್ಲ.

ಎದುರಿಗೆ ಬ್ರಹ್ಮಗಿರಿ ಕಾಣುತ್ತಿತ್ತು. ಚಿಕ್ಕವರಿದ್ದಾಗ ಅಕ್ಷರಗುಂಡಿನ ಮೇಲೆ ಹತ್ತಿ ಬೈಸಿಕೊಂಡವರು ನಾವು. ಕ್ರಿ.ಪೂ. 3ನೇ ಶತಮಾನದಲ್ಲಿ ಸುವರ್ಣಗಿರಿಯಿಂದ ಇಲ್ಲಿನ ಇಸಿಲದ ಮಹಾಮಾತ್ರರಿಗೆ ಬಂದ ಅಶೋಕನ ಸಂದೇಶ ಅದು. ಅದೇ ಮಾತನ್ನು ಸಿದ್ದಾಪುರದ ಬಂಡೆಯಲ್ಲೂ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಕೆತ್ತಿಸಿದ್ದಾರೆ. ಕೆಲವೇ ಕಿಲೋಮೀಟರಿನೊಳಗೆ ಮೂರು ಸಲ. ಒಂದೇ ದೊಡ್ಡದಾಗಿ ಬರೆಸುವ ಬದಲು ಮೂರು ಸಣ್ಣವು. ಲಿಪಿಕಾರ ಚಪಡನಿಗೆ ನೆಟ್‌ವರ್ಕ್ ಪ್ಲಾನಿಂಗ್ ಗೊತ್ತಿತ್ತು ಅಂತ ತಮ್ಮನಿಗೆ ಅಂದೆ. ಅವನು ಫೋನಿನಿಂದ ತಲೆ ಎತ್ತಲಿಲ್ಲ.

ಫೋನು ಅಂದಾಗ ನೆನಪಾಯಿತು. ಫೋನುಗಳಲ್ಲಿ ಎಫ್‌ಎಂ ಮುಚ್ಚಬೇಡಿ ಅಂತ ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. ಸಲಹೆ ಅಷ್ಟೇ. "ಆನ್‌ಲೈನಲ್ಲಿ ಕೇಳಿದರಾಯ್ತು" ಅನ್ನೋರೂ ಇದ್ದಾರೆ. ನಮಗೆ ಆಯ್ತು. ಅಕ್ಕನ ಹತ್ತಿರ ಇರೋದು ಬಟನ್ ಫೋನು. ತಮಾಷೆ ಏನಂದರೆ ಅದರಲ್ಲಿ ಎಫ್‌ಎಂ ಇದೆ.

ಊರಿಂದ ಬಂದ ಮೇಲೆ ಅಕ್ಕ ಕೇಳಿದರು, "ಕೇಳ್ದೇನ್ ತಮ್ಮಾ ಅವತ್ತು?" ಇಲ್ಲ ಅಕ್ಕಾ, ಸಿಗ್ನಲ್ ಬರಲಿಲ್ಲ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. "ಬುಧವಾರ ಸಂಜೆ ಮತ್ತೆ ಹಾಕ್ತಾರಂತೆ. ನಮ್ಮನೇಲಿ ಚೆನ್ನಾಗಿ ಬರ್ತೈತೆ" ಅಂದರು.

ಆಫೀಸಿನಿಂದ ಬೇಗ ಹೊರಟು ಹೋದೆ. ಶೀಟಿನ ಮನೆ, ಒಂದು ಕೋಣೆ. ಕಿಟಕಿಯಿಂದ ಸ್ಟೇಷನ್ನಿನ ಟವರ್ ಕಾಣುತ್ತೆ. ಬಟನ್ ಫೋನಿನ ಸ್ಪೀಕರ್ ಹಾಕಿ, ಇಯರ್‌ಫೋನ್ ವೈರನ್ನು ಮೊಳೆಗೆ ನೇತುಹಾಕಿದರು. ಪಕ್ಕದ ಮನೆಯ ನಾಲ್ಕೈದು ಜನ ಬಂದು ಹೊಸ್ತಿಲ ಮೇಲೆ ಕೂತರು. ಗಾಜಿನಷ್ಟು ಸ್ವಚ್ಛ ದನಿ. ಎರಡು ವರ್ಷ ಮಳೆ ಕೈಕೊಟ್ಟು ಶೇಂಗಾ ಹೋದದ್ದು, ಚಳ್ಳಕೆರೆಯಲ್ಲಿ ಬಸ್ ಹತ್ತಿದ್ದು, ಮೊದಲ ದಿನ ಲಿಫ್ಟಿಗೆ ಹೆದರಿ ಏಳು ಮಹಡಿ ಮೆಟ್ಟಿಲು ಹತ್ತಿದ್ದು ಎಲ್ಲ ಹೇಳಿದರು. ಎಲ್ಲರೂ ನಗುತ್ತಿದ್ದರು. ಆಮೇಲೆ ನಿರೂಪಕಿ, ನಿಮ್ಮ ಮನೆಯವರಿಗೆ ಏನಾದರೂ ಹೇಳ್ತೀರಾ ಅಂತ ಕೇಳಿದರು.

"ಮೂರು ಮನೆ ಮಾಡ್ತೀನಮ್ಮ. ಎಲ್ಲಾರೂ ಒಳ್ಳೇರೇ. ಒಬ್ಬ ನಮ್ಮೂರ ಹುಡುಗ್ನೇ ಅದಾನೆ. ಆದ್ರೂ ವಾರಕ್ಕೊಂದು ದಿನ ರಜೆ ಕೇಳಾಕೆ ಬಾಯಿ ಬರಲ್ಲ. ಭಾನುವಾರ ಎಲ್ರೂ ಮಲಗಿರ್ತಾರೆ, ನಾನು ಹೋಗಿ ಬೆಲ್ ಒತ್ತಬೇಕು. ಇದನ್ನ ಅವರು ಕೇಳ್ತಿದ್ರೆ, ಅದೇ ನಾನು ಹೇಳಾದು."

ಅಕ್ಕ ನನ್ನ ಕಡೆ ನೋಡಲಿಲ್ಲ, ಫೋನಿನ ವೈರು ಸರಿ ಮಾಡುತ್ತಿದ್ದರು. ನಾನು ತಲೆ ತಗ್ಗಿಸಿ ಚಹಾ ಕುಡಿದೆ. ಮೊದಲ ಸಲ ಇದು ಪ್ರಸಾರವಾದ ಭಾನುವಾರ, ನಾನು ಟ್ಯಾಂಕಿನ ಏಣಿ ಮೇಲೆ ನಿಂತಿದ್ದಾಗ, ಕೆಳಗೆ ನಮ್ಮ ಅಡುಗೆಮನೆಯಲ್ಲಿ ಅವರೇ ಪಾತ್ರೆ ತೊಳೆಯುತ್ತಿದ್ದರು.

ನಮ್ಮ ಮನೆಗೆ ಭಾನುವಾರ ಬರೋದು ಬೇಡ ಅಂತ ಅಲ್ಲೇ ಹೇಳಿದೆ. ಉಳಿದ ಎರಡು ಮನೆಯವರಿಗೆ ಆ ಕಾರ್ಯಕ್ರಮದ ರೆಕಾರ್ಡಿಂಗ್ ಬೇಕು. ಸ್ಟೇಷನ್ನಿಗೆ ಫೋನ್ ಮಾಡಿದ್ದೆ, ಪೆನ್ ಡ್ರೈವ್ ತಗೊಂಡು ಬನ್ನಿ ಅಂದಿದ್ದಾರೆ. ಶನಿವಾರ ಹೋಗಬೇಕು.