ಗಾಡಿ ಮಾರೋರು ಬಹಳ, ಕೆಟ್ಟಾಗ ಕೇಳೋರು ಯಾರು?

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು ಆಡಿದಾಗ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನಲ್ಲಿ ಏಳುವ ಮೊದಲ ಮಾತು ಗಾಡಿಯದು. ಅಪ್ಪ ಟ್ರ್ಯಾಕ್ಟರ್ ಅಂತಾನೆ, ಮಗ ಸ್ಕೂಟರ್ ಅಂತಾನೆ. ಎಲ್ಲಿ ಕೊಳ್ಳಬೇಕೆಂಬ ಪ್ರಶ್ನೆ ಹಿಂದೆ ಇರಲಿಲ್ಲ. ಆಳಂದಕ್ಕೋ ಕಲಬುರಗಿಗೋ ಹೋಗಿ ಡೀಲರನ ಮುಂದೆ ಕೂತರೆ ಮುಗಿಯಿತು. ಈಗ ಮೊಬೈಲಿನ ಮೇಲೆ ಬೆರಳೊತ್ತಿದರೆ ಕಂಪನಿಯೇ ನೇರವಾಗಿ ಗಾಡಿ ಮಾರುತ್ತದೆ. ನಡುವೆ ಡೀಲರನಿಲ್ಲ, ಅವನ ಕಮಿಷನ್ ಇಲ್ಲ ಎಂಬುದು ಪ್ರಚಾರ.

ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಅಮೆರಿಕದಲ್ಲಿ ಹಳೆಯದು. ಅಲ್ಲಿನ ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಕಾರು ತಯಾರಿಸುವವನು ತಾನೇ ಮಾರುವಂತಿಲ್ಲ ಎಂದು ಕಾನೂನೇ ಇದೆ. ಟೆಸ್ಲಾ ಕಂಪನಿ ಈ ಕಾನೂನುಗಳ ವಿರುದ್ಧ ವರ್ಷಗಟ್ಟಲೆ ಗುದ್ದಾಡಿದೆ. ಭಾರತದಲ್ಲಿ ಅಂಥ ತಡೆ ಇಲ್ಲ. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 2021ರಿಂದ ತನ್ನ ಸ್ಕೂಟರನ್ನು ತಾನೇ ಮಾರುತ್ತಿದೆ. ಅದೇ ವರ್ಷ ಅಕ್ಟೋಬರಿನಲ್ಲಿ ಮರ್ಸಿಡಿಸ್ ಕೂಡ ದಾಸ್ತಾನು ತನ್ನದು, ಬೆಲೆ ತನ್ನದು, ಬಿಲ್ಲು ತನ್ನದು ಎಂದು ಹೇಳಿ ಡೀಲರರನ್ನು ಕಮಿಷನ್ನಿಗೆ ಕೂಡಿಸಿತು. 2025ರ ಜುಲೈನಲ್ಲಿ ಟೆಸ್ಲಾ ಮುಂಬಯಿಯಲ್ಲಿ ತನ್ನದೇ ಅಂಗಡಿ ತೆರೆಯಿತು.

ಮರ್ಸಿಡಿಸ್, ಟೆಸ್ಲಾ ಕಿಣ್ಣಿ ಸುಲ್ತಾನದ ದಾರಿಗೆ ಬರುವ ಗಾಡಿಗಳಲ್ಲ. ಸ್ಕೂಟರ್ ಬರುತ್ತದೆ, ಬಂದಿದೆ. ಆದ್ದರಿಂದ ಈ ವಾದ ದೂರದ್ದಲ್ಲ. ಅದರ ಬಿಸಿ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಇದೇ ಜಿಲ್ಲೆಗೆ.

2024ರ ಸೆಪ್ಟೆಂಬರ್ 10ರಂದು ಕಲಬುರಗಿಯಲ್ಲಿ ಓಲಾ ಶೋರೂಮಿಗೆ ಬೆಂಕಿ ಬಿತ್ತು. ಹೊಸ ಸ್ಕೂಟರ್ ಕೆಟ್ಟು, ಮತ್ತೆ ಮತ್ತೆ ಅಲೆದು ರೋಸಿದ ಗ್ರಾಹಕನೊಬ್ಬ ಪೆಟ್ರೋಲ್ ಸುರಿದು ಹಚ್ಚಿದನೆಂದು ಪೊಲೀಸರು ಅವನನ್ನು ಬಂಧಿಸಿದರು. ದೇಶದ ಪತ್ರಿಕೆಗಳೆಲ್ಲ ಕಲಬುರಗಿಯ ಹೆಸರು ಬರೆದವು. ಬೆಂಕಿ ಹಚ್ಚಿದ್ದು ಅಪರಾಧ. ಅದನ್ನು ಸಮರ್ಥಿಸುವವರು ನಾಳೆ ತಮ್ಮ ಅಂಗಡಿಗೆ ಬೆಂಕಿ ಬಿದ್ದರೆ ಏನನ್ನುತ್ತಾರೆ? ಆದರೆ ಒಬ್ಬ ದುಡಿಯುವ ಮನುಷ್ಯ ಲಕ್ಷಕ್ಕೂ ಮೇಲೆ ಸುರಿದು ಕೊಂಡ ಗಾಡಿಗೆ ಜವಾಬು ಕೊಡುವವರು ಊರಿನಲ್ಲಿ ಯಾರೂ ಇಲ್ಲವೆಂದು ತಿಳಿದ ಮೇಲೆ ಸಿಟ್ಟು ಎಲ್ಲಿಗೆ ಹೋಗಬೇಕು ಎಂಬುದನ್ನೂ ಕೇಳಲೇಬೇಕು.

ಅದು ಒಬ್ಬನ ಸಿಟ್ಟಾಗಿರಲಿಲ್ಲ. 2023ರ ಸೆಪ್ಟೆಂಬರಿನಿಂದ ಒಂದು ವರ್ಷದಲ್ಲಿ ಆ ಕಂಪನಿಯ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ದೂರು 10,644. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ನೋಟೀಸು ಕೊಟ್ಟಿತು. ಅದರಲ್ಲಿ ಶೇಕಡಾ 99.1 ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರ ಕೊಟ್ಟಿತು. ವರ್ಷದ ಕೊನೆಗೆ ಅಂಗಡಿಗಳನ್ನು 4,000ಕ್ಕೆ ಏರಿಸಿದ್ದಾಗಿ ಹೇಳಿಕೊಂಡಿತು. 2025ರಲ್ಲಿ ಮಹಾರಾಷ್ಟ್ರದ ಸಾರಿಗೆ ಇಲಾಖೆ, ವ್ಯಾಪಾರ ಪ್ರಮಾಣಪತ್ರವಿಲ್ಲದ ಹಲವು ಅಂಗಡಿಗಳ ಮೇಲೆ ಕ್ರಮ ಕೈಗೊಂಡಿತು. ಅಂಗಡಿ ಬಾಗಿಲು ತೆರೆಯುವುದು ಸುಲಭ, ಒಳಗೆ ಮೆಕ್ಯಾನಿಕ್ ಇಡುವುದು, ಬಿಡಿಭಾಗ ಇಡುವುದು ಕಷ್ಟ.

ಹಾಗಂತ ಡೀಲರರೇನು ಹರಿಶ್ಚಂದ್ರರ ಮಕ್ಕಳೇ? ಅಲ್ಲ. ಗಾಡಿ ಬೆಲೆ ಒಂದು, ರಸ್ತೆಗೆ ಇಳಿಯುವ ಬೆಲೆ ಇನ್ನೊಂದು. ನಡುವೆ "ಹ್ಯಾಂಡ್ಲಿಂಗ್" ಎಂಬ ಹೆಸರಿಲ್ಲದ ದೇವರಿಗೆ ಕಾಣಿಕೆ. ವಿಮೆ ತಮ್ಮಲ್ಲೇ ಮಾಡಿಸಬೇಕೆಂಬ ಒತ್ತಾಯ. ಯಾವ ಕಂಪನಿಯಲ್ಲಿ ವಿಮೆ ಮಾಡಿಸಬೇಕೆಂಬುದು ಕೊಳ್ಳುವವನ ಹಕ್ಕು ಎಂದು ಎಷ್ಟು ಜನಕ್ಕೆ ಗೊತ್ತು? ಹಿಂದೆ 1970-80ರ ದಶಕದಲ್ಲಿ ಚೇತಕ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಆಗಿನ ಹಿರಿಯರಿಗೆ ಶೋರೂಮಿನ ಕುರ್ಚಿಯ ದರ್ಬಾರು ಇನ್ನೂ ನೆನಪಿದೆ. ನೇರ ಮಾರಾಟ ಎಂದೊಡನೆ ಜನ ಖುಷಿಪಟ್ಟದ್ದು ಸುಮ್ಮನೆ ಅಲ್ಲ.

ಆದರೆ ಡೀಲರನ ಒಂದು ಗುಣ ಒಪ್ಪಲೇಬೇಕು. ಅವನು ಇಲ್ಲೇ ಇರುತ್ತಾನೆ. ಸಂತೆಯಲ್ಲಿ, ಮದುವೆಯಲ್ಲಿ, ಶರಣಬಸವೇಶ್ವರ ಜಾತ್ರೆಯಲ್ಲಿ ಎದುರಾಗುತ್ತಾನೆ. ಟ್ರ್ಯಾಕ್ಟರ್ ಬಿತ್ತನೆ ಹೊತ್ತಿಗೆ ನಿಂತರೆ ನಾಲ್ಕು ಜನ ಹೋಗಿ "ಏನ್ರೀ ಸಾವ್ಕಾರ್ರೇ, ಇದು ನ್ಯಾಯ ಏನ್ರಿ?" ಎಂದು ಕೇಳಬಹುದು. ಮೊಬೈಲಿನೊಳಗಿನ ಕಂಪನಿಗೆ ಹಾಗೆ ಕೇಳಲಾದೀತೆ? ಅದು "ನಿಮ್ಮ ಕರೆ ನಮಗೆ ಮುಖ್ಯ" ಎಂದು ಹಾಡು ಹಾಕುತ್ತದೆ. ಅಷ್ಟರಲ್ಲಿ ಕೆಟ್ಟ ಸ್ಕೂಟರನ್ನು ಟಂಟಂನಲ್ಲಿ ಹೇರಿಕೊಂಡು ಕಲಬುರಗಿಗೆ ಒಯ್ಯುವ ಬಾಡಿಗೆ, ಅವತ್ತಿನ ಕೂಲಿ, ಎರಡೂ ಹೋದವು. ಊರ ಮೆಕ್ಯಾನಿಕ್ ಮುಟ್ಟೋಣವೆಂದರೆ ಅದರೊಳಗಿನ ಸಾಫ್ಟ್‌ವೇರ್ ಅವನಿಗೆ ಬಾಗಿಲು ತೆರೆಯುವುದಿಲ್ಲ.

ಡೀಲರನಿಗೂ ತನ್ನ ಸಂಕಟ ಇದೆ. ಅವನು ಸಾಲ ಮಾಡಿ ಗಾಡಿ ತಂದು ನಿಲ್ಲಿಸುತ್ತಾನೆ, ಬಡ್ಡಿ ಕಟ್ಟುತ್ತಾನೆ. ಕಂಪನಿಗೆ ಬೇಸರವಾದರೆ ಅದು ಎದ್ದು ಹೋಗುತ್ತದೆ. ಜನರಲ್ ಮೋಟರ್ಸ್ 2017ರಲ್ಲಿ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಕಾರ್ಖಾನೆ ಮುಚ್ಚುವೆನೆಂದು ಸಾರಿತು. ಶೋರೂಮು ಕಟ್ಟಿದವನು, ಅದರಲ್ಲಿ ದುಡಿದ ಹುಡುಗರು ನಡುನೀರಿನಲ್ಲಿ. ಡೀಲರರ ರಕ್ಷಣೆಗೆ ಕಾನೂನು ಬೇಕೆಂದು ಅವರ ಒಕ್ಕೂಟ ಕೇಳುತ್ತಿರುವುದು ಅದಕ್ಕೇ.

ಹಾಗಾದರೆ ನೇರ ಮಾರಾಟ ನಿಲ್ಲಿಸಬೇಕೆ? ಬೇಡ. ನಿಲ್ಲಿಸಿದರೆ ಡೀಲರನ ದರ್ಬಾರು ಮತ್ತೆ ಬರುತ್ತದೆ ಅಷ್ಟೇ. ಯಾರು ಬೇಕಾದರೂ ಮಾರಲಿ. ಆದರೆ ಜಿಲ್ಲೆಯಲ್ಲಿ ಗಾಡಿ ಮಾರುವವನು ಜಿಲ್ಲೆಯಲ್ಲೇ ಜವಾಬು ಕೊಡಲಿ. ಮಾರಿದ ಗಾಡಿಗಳ ಲೆಕ್ಕಕ್ಕೆ ತಕ್ಕಷ್ಟು ಮೆಕ್ಯಾನಿಕ್, ಬಿಡಿಭಾಗ, ಹೆಸರು ವಿಳಾಸ ಬರೆದ ಒಬ್ಬ ಜವಾಬ್ದಾರ ಮನುಷ್ಯ ಕಲಬುರಗಿಯಲ್ಲಿ ಇರಲಿ. ಊರ ಮೆಕ್ಯಾನಿಕ್‌ಗೂ ಬಿಡಿಭಾಗ ಸಿಗಲಿ. ದುರಸ್ತಿಯ ಹಕ್ಕು ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲೇ ಪೋರ್ಟಲ್ ತೆರೆದಿದೆ. ಪೋರ್ಟಲ್ ತೆರೆದರೆ ಸ್ಕೂಟರ್ ಓಡುವುದಿಲ್ಲ. ಡೀಲರನೂ ಪ್ರತಿ ಪೈಸೆಯ ವಿವರ ಬರೆದು ಕೊಡಲಿ. ವ್ಯಾಪಾರ ಪ್ರಮಾಣಪತ್ರ ಕೊಡುವ ಆರ್‌ಟಿಓ ಸಾಹೇಬರು ಸಹಿ ಹಾಕುವ ಮೊದಲು ಸರ್ವಿಸ್ ಜಾಗವನ್ನೂ ಒಮ್ಮೆ ಕಣ್ಣಾರೆ ನೋಡಲಿ.

ಕೊಳ್ಳುವವರೂ ಒಂದು ಮಾತು ನೆನಪಿಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಂಪನಿ ಎಲ್ಲೇ ಇರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಿಣ್ಣಿ ಸುಲ್ತಾನದವನು ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿ ಸಾಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಸಹಾಯವಾಣಿ 1915. ಬಿಲ್ಲು, ಜಾಬ್ ಕಾರ್ಡು, ಕಳಿಸಿದ ಸಂದೇಶ ಎಲ್ಲ ಜೋಪಾನ ಇಡಬೇಕು. ಪೆಟ್ರೋಲಿಗಿಂತ ಕಾಗದ ಹೆಚ್ಚು ಸುಡುತ್ತದೆ. ಸುಟ್ಟದ್ದಕ್ಕೆ ಜೈಲೂ ಇಲ್ಲ.

ಬೆಂಕಿ ಬಿದ್ದ ಮೇಲೆ ಅಗ್ನಿಶಾಮಕ ದಳ ಬಂತು, ಪೊಲೀಸರು ಬಂದರು. ಅದಕ್ಕೆ ಮೊದಲು ಬರಬೇಕಾದವರು ಯಾಕೆ ಬರಲಿಲ್ಲ? ಸಂಬಂಧಪಟ್ಟವರು ಇನ್ನಾದರೂ ಹೇಳುವರೇ?